ವರ್ಣಸೇವಕ ಸಹೋದರ ಆಂಟೋನಿಯೊ ಮೊಸ್ಕೇನಿ

ಯುರೋಪಿನ ಪುರಾತನ ದೇವಾಲಯಗಳಲ್ಲಿ ಬಣ್ಣದ ಗಾಜಿನ ಕಿಟಕಿಗಳಿಗೆ ಸಲ್ಲುವ ಸ್ಥಾನ ವಾಚಕರಿಗೆ ತಿಳಿಯದ ಸಂಗತಿಯೇನಲ್ಲ. ಅಕ್ಷರವರಿಯದ ರೈತನೂ ಕಮ್ಮಾರನೂ ಪವಿತ್ರ ಬೈಬಲ್ಲಿನ ಕಥೆಗಳನ್ನು ಆ ಗಾಜಿನೊಳಗಿಂದ ಇಳಿದುಬರುವ ಬೆಳಕಿನಲ್ಲಿಯೇ ಓದಿಕೊಂಡರು. ನಮ್ಮ ನಾಡಿನಲ್ಲಿಯೂ ಮೈಸೂರಿನ ಸಂತ ಫಿಲೋಮಿನಾ ದೇವಾಲಯದಂಥ ಕಡೆಗಳಲ್ಲಿ ಈ ಕಲೆಯ ಸೊಬಗನ್ನು ಕಣ್ತುಂಬ ನೋಡಬಹುದು. ಆದರೆ ಹಳೆಯ ಕಾಲದಲ್ಲಿ ಇಂಥ ಗಾಜು ಬಹುಮಟ್ಟಿಗೆ ಕಡಲಾಚೆಯ ಕಾರ್ಯಾಗಾರಗಳಲ್ಲಿ ಸಿದ್ಧವಾಗಿ ಹಡಗನ್ನೇರಿ ಬಂದ ವಸ್ತು. ಅದನ್ನು ಬರೆದವರು ನಮ್ಮ ನೆಲವನ್ನು ತುಳಿಯಲಿಲ್ಲ, ನಮ್ಮ ಮಳೆಯಲ್ಲಿ ನೆನೆಯಲಿಲ್ಲ. ಅವರ ಹೆಸರನ್ನು ಕೇಳುವವರೂ ವಿರಳ.

ಕನ್ನಡ ಕರಾವಳಿಯ ಪುಣ್ಯವಿಶೇಷವೆಂದೇ ಹೇಳಬೇಕು, ಒಬ್ಬ ಕಲಾವಿದರು ತಮ್ಮ ಕೃತಿಯನ್ನು ಕಳುಹಿಸಿಕೊಡದೆ ತಾವೇ ಹೊರಟು ಬಂದರು. ಇಲ್ಲಿಯ ಸುಣ್ಣವನ್ನೇ ಕಲಸಿಸಿ, ಇಲ್ಲಿಯ ಗೋಡೆಯ ಮೇಲೆಯೇ ಚಿತ್ರಗಳನ್ನು ಬರೆದು, ಮರಳಿ ಸ್ವದೇಶವನ್ನು ಕಾಣದೆ ಈ ಕಡಲತೀರದಲ್ಲಿಯೇ ಕಣ್ಮುಚ್ಚಿದರು. ಯೇಸುಸಭೆಯ ಸಹೋದರ ಆಂಟೋನಿಯೊ ಮೊಸ್ಕೇನಿಯವರೇ ಆ ಮಹನೀಯರು. ಶತಮಾನೋತ್ಸವದ ಈ ಸಂಚಿಕೆಯಲ್ಲಿ ಅವರ ಜೀವನವನ್ನು ಸ್ಮರಿಸುವುದು ಉಚಿತವೆಂದು ಭಾವಿಸುತ್ತೇನೆ.

ಸುಣ್ಣದ ಗೋಡೆಯ ಮೇಲಿನ ಚಿತ್ರವೆಂದರೆ ಸೋಂದಾ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಜನರಿಗೆ ಪರಕೀಯವಾದುದಲ್ಲ. ಶಿರಸಿಯ ಮಾರಿಕಾಂಬಾ ದೇವಾಲಯದ ಕಾವಿ ಚಿತ್ರಗಳ ಖ್ಯಾತಿಯನ್ನು ಕೇಳದವರು ಈ ಸೀಮೆಯಲ್ಲಿ ಕಡಿಮೆ. ಬಿಳಿಯ ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿಯ ಲೇಪವನ್ನು ಹಚ್ಚಿ, ಅದನ್ನು ಮೊನಚಾದ ಉಪಕರಣದಿಂದ ಕೆರೆದು, ಅಡಿಯ ಬಿಳುಪು ಮೇಲೆದ್ದು ಕಾಣುವಂತೆ ಮಾಡುವ ಕಲೆ ಅದು. ಸಿದ್ದಾಪುರದ ಕಡೆಯ ದೀವರ ಮನೆಗಳಲ್ಲಿ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಿಂದ ಬರೆಯುವ ಹಸೆ ಚಿತ್ತಾರವೂ ಗೋಡೆಯನ್ನೇ ನಂಬಿದ ಕಲೆ. ಸಾವಿರಾರು ಮೈಲಿ ದೂರದ ಇಟಲಿಯಲ್ಲಿ ಬೆಳೆದು ಬಂದ ಭಿತ್ತಿಚಿತ್ರದ ವಿದ್ಯೆಗೂ ನಮ್ಮ ಹಳ್ಳಿಯ ಕಾವಿ ಕೆಲಸಗಾರನ ವಿದ್ಯೆಗೂ ಮೂಲದ್ರವ್ಯ ಒಂದೇ, ಅರಳಿದ ಸುಣ್ಣ. ಈ ನಂಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮೊಸ್ಕೇನಿಯವರ ಕೆಲಸ ನಮಗೆ ಇನ್ನಷ್ಟು ಹತ್ತಿರವಾದೀತು.

ಉತ್ತರ ಇಟಲಿಯ ಲೊಂಬಾರ್ದಿ ಪ್ರಾಂತದಲ್ಲಿ ಬೆರ್ಗಾಮೊ ಎಂಬ ಪಟ್ಟಣವಿದೆ. ಇಪ್ಪತ್ತಮೂರನೆಯ ಜಾನ್ ಎಂಬ ಹೆಸರಿನಿಂದ ಪೋಪ್ ಪದವಿಯನ್ನು ಅಲಂಕರಿಸಿದ ಪುಣ್ಯಪುರುಷರು ಜನಿಸಿದ್ದು ಅದೇ ಸೀಮೆಯ ಒಂದು ಹಳ್ಳಿಯಲ್ಲಿ. ಆ ಪಟ್ಟಣದ ಸಮೀಪದ ಸ್ತೆಜ್ಜಾನೊ ಎಂಬ ಗ್ರಾಮದಲ್ಲಿ 1854ರ ಜನವರಿ 17ರಂದು ಆಂಟೋನಿಯೊ ಮೊಸ್ಕೇನಿ ಹುಟ್ಟಿದರು. ಬಾಲ್ಯದಲ್ಲಿಯೇ ಚಿತ್ರಕಲೆಯತ್ತ ಅವರಿಗಿದ್ದ ಒಲವು ಮುಂದೆ ಅವರನ್ನು ಬೆರ್ಗಾಮೊದ ಸುಪ್ರಸಿದ್ಧ ಕರ್ರಾರಾ ಕಲಾಶಾಲೆಗೆ ಕರೆತಂದಿತು. ಅಲ್ಲಿ ಎನ್ರಿಕೊ ಸ್ಕೂರಿ ಎಂಬ ಗುರುವಿನ ಬಳಿ ಅಭ್ಯಾಸ ಮಾಡಿ, ಬಳಿಕ ರೋಮ್ ನಗರಕ್ಕೆ ಹೋಗಿ ವ್ಯಾಟಿಕನ್ನಿನ ಮಹಾಕೃತಿಗಳನ್ನು ಕಣ್ಣಾರೆ ಕಂಡು ಅಭ್ಯಸಿಸಿದರು. ಹುಟ್ಟೂರಿನ ಕಡೆಗೆ ಮರಳಿದ ಮೇಲೆ ಬೆರ್ಗಾಮೊ ಸುತ್ತಲಿನ ಅನೇಕ ದೇವಾಲಯಗಳಲ್ಲಿ ಭಿತ್ತಿಚಿತ್ರಗಳನ್ನು ರಚಿಸಿ ಹೆಸರು ಗಳಿಸಿದರು. ಕೈಯಲ್ಲಿ ವಿದ್ಯೆ ಇತ್ತು, ಕೆಲಸಕ್ಕೆ ಬೇಡಿಕೆ ಇತ್ತು. ಸಾಮಾನ್ಯ ಮನುಷ್ಯನು ಇದಕ್ಕಿಂತ ಹೆಚ್ಚಿನದನ್ನು ಬಯಸುವುದಿಲ್ಲ.

ಆದರೆ 1889ರಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ಅವರು ಯೇಸುಸಭೆಯನ್ನು ಸೇರಿದರು. ಗುರುಪಟ್ಟವನ್ನು ಬಯಸಿ ಸೇರಲಿಲ್ಲ ಎಂಬುದು ಇಲ್ಲಿ ಗಮನಾರ್ಹ. ಯೇಸುಸಭೆಯಲ್ಲಿ ಸಹೋದರನೆಂದರೆ ಬಲಿಪೂಜೆಯನ್ನು ಅರ್ಪಿಸುವ ಯಾಜಕನಲ್ಲ. ಅಡಿಗೆ, ಮರಗೆಲಸ, ಹೊಲಿಗೆ, ರೋಗಿಗಳ ಆರೈಕೆ, ಕಟ್ಟಡದ ಉಸ್ತುವಾರಿ, ಹೀಗೆ ಸಭೆಗೆ ಬೇಕಾದ ಕೈಗೆಲಸಗಳನ್ನೆಲ್ಲ ಮೌನವಾಗಿ ನಡೆಸಿಕೊಡುವವನು. ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ವ್ರತವನ್ನು ಸ್ವೀಕರಿಸಿದ ಮೇಲೆ ಅವನ ಕೃತಿಗೆ ಬೆಲೆ ಕಟ್ಟಿಕೊಳ್ಳುವ ಹಕ್ಕೂ ಅವನಿಗಿಲ್ಲ. ಯಾವ ಊರಿನಲ್ಲಿ ಯಾವ ಗೋಡೆಯ ಮೇಲೆ ಬರೆಯಬೇಕೆಂಬುದನ್ನು ಹಿರಿಯರು ನಿಶ್ಚಯಿಸುತ್ತಾರೆ. ಹೆಸರು ಮಾಡಿದ ಕಲಾವಿದನಿಗೆ ಇದಕ್ಕಿಂತ ಕಠಿಣವಾದ ತ್ಯಾಗ ಮತ್ತೊಂದಿರಲಾರದು. ಆದರೂ ಮೊಸ್ಕೇನಿಯವರ ಕುಂಚವನ್ನು ಸಭೆ ಕಸಿದುಕೊಳ್ಳಲಿಲ್ಲ. ಇಟಲಿಯಲ್ಲಿಯೂ ಅಡ್ರಿಯಾಟಿಕ್ ಸಮುದ್ರದಾಚೆಯ ಅಲ್ಬೇನಿಯ ಮೊದಲಾದ ಕಡೆಗಳಲ್ಲಿಯೂ ಅವರಿಂದ ಚಿತ್ರಸೇವೆಯನ್ನು ಪಡೆಯಿತು.

ಇಂಥ ಚಿತ್ರಕಾರ ಸಹೋದರರ ಒಂದು ಪರಂಪರೆಯೇ ಯೇಸುಸಭೆಯಲ್ಲಿದೆ. ರೋಮಿನ ಸಂತ ಇಗ್ನೇಷಿಯಸ್ ದೇವಾಲಯದ ಕಮಾನು ಮಾಳಿಗೆಯು ಆಕಾಶಕ್ಕೆ ತೆರೆದುಕೊಂಡಂತೆ ಭ್ರಮೆ ಹುಟ್ಟಿಸಿದ ಆಂದ್ರೆಯಾ ಪೋಟ್ಸೊ ಸಹೋದರರೇ ಆಗಿದ್ದರು. ಚೀನಾದ ಚಕ್ರವರ್ತಿಗಳ ಆಸ್ಥಾನದಲ್ಲಿ ಅರ್ಧ ಶತಮಾನದಷ್ಟು ಕಾಲ ಚಿತ್ರ ಬರೆದ ಜುಸೆಪ್ಪೆ ಕಾಸ್ತಿಲ್ಯೋನೆ ಸಹ ಸಹೋದರರೇ. ಮೊಸ್ಕೇನಿಯವರನ್ನು ಅರಿಯಲು ಈ ಇಬ್ಬರ ನೆನಪು ಅವಶ್ಯಕ. ಅದೇಕೆಂಬುದು ಮುಂದೆ ತಿಳಿಯುತ್ತದೆ.

ಆಗಿನ ಮಂಗಳೂರಿನ ಪರಿಸ್ಥಿತಿಯನ್ನು ಒಂದಿಷ್ಟು ನೋಡೋಣ. 1862ರ ವಿಂಗಡಣೆಯ ತರುವಾಯ ನಮ್ಮ ಉತ್ತರ ಕನ್ನಡ ಬೊಂಬಾಯಿ ಪ್ರಾಂತಕ್ಕೆ ಸೇರಿತ್ತು, ಮಂಗಳೂರು ಮದ್ರಾಸ್ ಪ್ರಾಂತದಲ್ಲಿ ಉಳಿದಿತ್ತು. ಯೇಸುಸಭೆಯ ಗುರುಗಳು ಮಂಗಳೂರಿನಲ್ಲಿ ಬಂದಿಳಿದದ್ದು 1878ರ ಡಿಸೆಂಬರ್ 31ರಂದು. ಒಂದು ವರ್ಷ ತುಂಬಿ ಕೆಲವೇ ದಿನಗಳಲ್ಲಿ, 1880ರ ಜನವರಿಯಲ್ಲಿ, ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಆ ತಂಡದ ಫಾದರ್ ಅಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧಿಗಳನ್ನು ಹಂಚುತ್ತ ಒಂದು ದೊಡ್ಡ ಆಸ್ಪತ್ರೆಗೆ ಬುನಾದಿ ಹಾಕಿದರು. ಫಾದರ್ ಆಂಜೆಲೊ ಮಾಫೇಯಿ ಕೊಂಕಣಿ ಭಾಷೆಗೆ 1882ರಲ್ಲಿ ವ್ಯಾಕರಣವನ್ನೂ ಮರುವರ್ಷ ನಿಘಂಟನ್ನೂ ರಚಿಸಿಕೊಟ್ಟರು. ಒಬ್ಬರು ಔಷಧವನ್ನು ಬೆರೆಸಿದರೆ ಇನ್ನೊಬ್ಬರು ಶಬ್ದಗಳನ್ನು ಕೂಡಿಸಿದರು. ಬಣ್ಣವನ್ನು ಅರೆಯಬಲ್ಲವರು ಮಾತ್ರ ಇನ್ನೂ ಬರಬೇಕಾಗಿತ್ತು.

ಲೈಟ್‌ಹೌಸ್ ಗುಡ್ಡದ ಮೇಲೆ ಫಾದರ್ ಜೋಸೆಫ್ ವಿಲ್ಲಿಯವರ ನೇತೃತ್ವದಲ್ಲಿ 1880ರ ದಶಕದಲ್ಲಿ ಕಾಲೇಜಿನ ಪ್ರಾರ್ಥನಾಮಂದಿರವು ಎದ್ದು ನಿಂತಿತು. ಹೊರಗಿನಿಂದ ನೋಡಿದರೆ ಆಡಂಬರವಿಲ್ಲದ ಕಟ್ಟಡ. ಇಂದಿಗೂ ಅದರ ಮುಂದೆ ನಿಂತ ಅಪರಿಚಿತನು ಒಳಗೆ ಏನಿದೆಯೆಂದು ಊಹಿಸಲಾರ. ಮಂಗಳೂರಿಗೆ ರೈಲುದಾರಿ ಇನ್ನೂ ತಲುಪದಿದ್ದ ಆ ಕಾಲದಲ್ಲಿ ಮೊಸ್ಕೇನಿಯವರು ಇಲ್ಲಿಗೆ ಬಂದರು. 1899ರಲ್ಲಿ ಅವರು ಕೈಗೆತ್ತಿಕೊಂಡ ಕೆಲಸವು ಒಂದು ಶತಮಾನ ಮುಗಿದು ಇನ್ನೊಂದು ಹುಟ್ಟುವವರೆಗೆ, ಎರಡು ವರ್ಷಕ್ಕೂ ಮೀರಿ ನಡೆಯಿತು.

ಹಸಿ ಗಾರೆಯ ಮೇಲೆ ಚಿತ್ರ ಬರೆಯುವ ಈ ಕ್ರಮಕ್ಕೆ ಫ್ರೆಸ್ಕೊ ಎಂದು ಹೆಸರು. ಅದರ ವಿಧಾನವನ್ನು ತುಸು ವಿವರವಾಗಿ ಹೇಳಬೇಕು, ಏಕೆಂದರೆ ಚಿತ್ರವನ್ನು ನೋಡಿ ಮೆಚ್ಚುವವರು ಅದರ ಹಿಂದಿನ ದುಡಿಮೆಯನ್ನು ಅರಿಯುವುದು ಅಪರೂಪ. ಗೋಡೆಗೆ ಮೊದಲು ಸುಣ್ಣ ಮರಳಿನ ಒರಟು ಗಾರೆಯನ್ನು ಹಾಕಬೇಕು. ಅದರ ಮೇಲೆ ನುಣುಪಾದ ತೆಳುಗಾರೆ. ಈ ಮೇಲುಗಾರೆಯನ್ನು ಇಡೀ ಗೋಡೆಗೆ ಒಮ್ಮೆಲೇ ಬಳಿಯುವಂತಿಲ್ಲ. ಆ ದಿನ ಎಷ್ಟು ಬರೆದು ಮುಗಿಸಲು ಸಾಧ್ಯವೋ ಅಷ್ಟಕ್ಕೆ ಮಾತ್ರ ಬಳಿಯಬೇಕು. ಅದು ಹಸಿಯಾಗಿರುವಷ್ಟು ಹೊತ್ತಿನಲ್ಲಿಯೇ, ಕೇವಲ ನೀರಿನಲ್ಲಿ ಕಲಸಿದ ಬಣ್ಣದಿಂದ ಚಿತ್ರ ಮುಗಿಯಬೇಕು. ಅಂಟಿಲ್ಲ, ಎಣ್ಣೆಯಿಲ್ಲ. ಗಾರೆಯ ಸುಣ್ಣವು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಹಾಗೆ ಕಲ್ಲಾಗುವಾಗ ಬಣ್ಣದ ಕಣಗಳನ್ನು ತನ್ನೊಳಗೆ ಬಿಗಿದುಕೊಳ್ಳುತ್ತದೆ. ಆದುದರಿಂದ ಫ್ರೆಸ್ಕೊ ಗೋಡೆಗೆ ಹಚ್ಚಿದ ಬಣ್ಣವಾಗಿರದೆ ಬಣ್ಣವಾಗಿ ಮಾರ್ಪಟ್ಟ ಗೋಡೆಯೇ ಆಗಿರುತ್ತದೆ. ಸುಣ್ಣದ ಕ್ಷಾರವನ್ನು ತಡೆದುಕೊಳ್ಳುವ ಬಣ್ಣಗಳು ಕೆಲವೇ, ಹೆಚ್ಚಿನವು ಮಣ್ಣಿನಿಂದಲೇ ದೊರೆಯುವಂಥವು. ಹಸಿಯಾಗಿರುವಾಗ ಗಾಢವಾಗಿ ಕಾಣುವ ಬಣ್ಣ ಒಣಗಿದ ಮೇಲೆ ತಿಳಿಯಾಗುತ್ತದೆ. ನಿನ್ನೆ ಬರೆದ ಸಂತನ ಮೇಲಂಗಿಗೂ ಇಂದು ಬರೆಯುವ ಅದರ ಅಂಚಿಗೂ ಬಣ್ಣ ಹೊಂದಬೇಕಾದರೆ ಇದನ್ನೆಲ್ಲ ಮುಂಚಿತವಾಗಿಯೇ ಅಳೆದಿರಬೇಕು. ತಪ್ಪಿದರೆ ತಿದ್ದುವಂತಿಲ್ಲ, ಗಾರೆಯನ್ನೇ ಕೆತ್ತಿ ತೆಗೆದು ಹೊಸದಾಗಿ ಆರಂಭಿಸಬೇಕು. ಇಷ್ಟನ್ನೂ ಮರದ ಅಟ್ಟಣೆಯ ಮೇಲೆ ನಿಂತು, ಮಳೆಗಾಲದ ತೇವವೂ ಬೇಸಗೆಯ ಬೆವರೂ ಸಮನಾಗಿ ಕಾಡುವ ಮಂಗಳೂರಿನ ಹವೆಯಲ್ಲಿ, ಐವತ್ತರ ಸಮೀಪಕ್ಕೆ ಬಂದ ಒಬ್ಬ ವ್ಯಕ್ತಿ ನಡೆಸಿದರೆಂಬುದನ್ನು ನೆನೆದರೆ ಬೆರಗಾಗುತ್ತದೆ.

ಒಳಛಾವಣಿಗೆ ಮೊಸ್ಕೇನಿಯವರು ಬೇರೆ ಕ್ರಮವನ್ನು ಅನುಸರಿಸಿದರು. ಅಲ್ಲಿಯ ಚಿತ್ರಗಳು ಕ್ಯಾನ್ವಾಸ್ ಬಟ್ಟೆಯ ಮೇಲೆ ತೈಲವರ್ಣದಲ್ಲಿ ಬರೆದು ಮೇಲೆ ಜೋಡಿಸಿದಂಥವು. ನೋಡುವವರ ಕಣ್ಣಿಗೆ ಈ ವ್ಯತ್ಯಾಸ ಸುಲಭವಾಗಿ ತಿಳಿಯದಂತೆ ಗೋಡೆ ಮತ್ತು ಛಾವಣಿ ಒಂದಾಗಿ ಬೆರೆತಿವೆ. ಛಾವಣಿಯ ಇಳಿಜಾರುಗಳಲ್ಲಿ ಪ್ರೇಷಿತರು, ಕಮಾನುಗಳ ಬಳಿ ಸಂತರು, ಗೋಡೆಗಳ ಮೇಲೆ ಪ್ರಭು ಯೇಸುವಿನ ಜೀವನದ ಘಟನೆಗಳು. ಮಕ್ಕಳನ್ನು ಬಳಿಗೆ ಕರೆದ ಯೇಸುವಿನ ಚಿತ್ರವು ಒಂದು ವಿದ್ಯಾಸಂಸ್ಥೆಯ ಮಂದಿರದಲ್ಲಿ ಇರಲೇಬೇಕಾದುದು, ಅದೂ ಇದೆ. ಇವುಗಳ ನಡುವೆ ಕಂಬ, ಕಮಾನು, ಹೂಮಾಲೆ, ಕೆತ್ತನೆಗಳು. ಅವುಗಳಲ್ಲಿ ಅನೇಕವು ಉಬ್ಬುಶಿಲ್ಪವೆಂದೇ ತೋರುತ್ತವೆ. ಹತ್ತಿರ ಹೋಗಿ ನೋಡಿದಾಗ ಅದು ನೆಳಲು ಬೆಳಕಿನ ಆಟವೆಂದು ಗೊತ್ತಾಗಿ ನೋಡುಗನು ತನ್ನೊಳಗೇ ನಗುತ್ತಾನೆ.

ಮಂದಿರದ ಪಾಲಕ ಸಂತ ಅಲೋಶಿಯಸ್ ಗೊನ್ಜಾಗರ ಚರಿತ್ರೆಗೆ ಚಿತ್ರಗಳಲ್ಲಿ ಅಗ್ರಸ್ಥಾನ ಸಂದಿದೆ. 1568ರಲ್ಲಿ ಲೊಂಬಾರ್ದಿಯ ಕಾಸ್ತಿಲ್ಯೋನೆಯ ಅರಸುಮನೆತನದಲ್ಲಿ ಹುಟ್ಟಿದ ಅಲೋಶಿಯಸರು ಜ್ಯೇಷ್ಠಪುತ್ರನಿಗೆ ಸಲ್ಲಬೇಕಾದ ಪದವಿಯನ್ನು ತಮ್ಮನಿಗೆ ಬಿಟ್ಟುಕೊಟ್ಟು 1585ರಲ್ಲಿ ಯೇಸುಸಭೆಯನ್ನು ಸೇರಿದರು. ರೋಮಿನಲ್ಲಿ ಸಾಂಕ್ರಾಮಿಕ ಹಬ್ಬಿದಾಗ ರೋಗಿಗಳ ಶುಶ್ರೂಷೆ ಮಾಡುತ್ತ ತಾವೂ ಅದಕ್ಕೆ ತುತ್ತಾಗಿ 1591ರ ಜೂನ್ 21ರಂದು ಇಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು. ಸಂತ ಚಾರ್ಲ್ಸ್ ಬೊರೋಮಿಯೊ ಅವರ ಕೈಯಿಂದ ಬಾಲಕ ಅಲೋಶಿಯಸನು ಪ್ರಥಮ ಪರಮಪ್ರಸಾದವನ್ನು ಸ್ವೀಕರಿಸುವ ದೃಶ್ಯವೂ ಪಿಡುಗಿನ ರೋಗಿಗಳ ಸೇವೆಯ ದೃಶ್ಯವೂ ಇಲ್ಲಿ ಚಿತ್ರಿತವಾಗಿವೆ. ಈ ಎರಡನೆಯ ದೃಶ್ಯವು ಅಂದಿನ ಜನರಿಗೆ ಬರಿಯ ಪುರಾತನ ಕಥೆಯಾಗಿ ಕಂಡಿರಲಾರದು. 1896ರಲ್ಲಿ ಬೊಂಬಾಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಊರಿಂದ ಊರಿಗೆ ನಡೆಯುತ್ತಿದ್ದ ಕಾಲ ಅದು. 1902ರಲ್ಲಿ ಫಾದರ್ ಮುಲ್ಲರರು ಕಂಕನಾಡಿಯಲ್ಲಿ ಪ್ಲೇಗಿನ ಆಸ್ಪತ್ರೆಯನ್ನೇ ತೆರೆಯಬೇಕಾಯಿತು. ಗೋಡೆಯ ಮೇಲಿನ ಸಂತನೂ ಕಂಕನಾಡಿಯ ಗುರುವೂ ಮಾಡುತ್ತಿದ್ದ ಕೆಲಸ ಒಂದೇ ಆಗಿತ್ತು. ಸಂತನು ಅರಸೊತ್ತಿಗೆಯನ್ನು ತೊರೆದಂತೆ ಲೊಂಬಾರ್ದಿಯವರೇ ಆದ ಚಿತ್ರಕಾರರು ಕೀರ್ತಿಯನ್ನು ತೊರೆದಿದ್ದರೆಂಬುದನ್ನು ನೆನೆದರೆ, ಆ ಚಿತ್ರಗಳಿಗೆ ಕೇವಲ ಕೌಶಲದಿಂದ ಬಾರದ ಒಂದು ಆಪ್ತತೆ ಹೇಗೆ ಬಂದಿತೆಂಬುದು ಅರ್ಥವಾಗುತ್ತದೆ.

ಈ ಮಂದಿರವನ್ನು ವ್ಯಾಟಿಕನ್ನಿನ ಸಿಸ್ಟೀನ್ ಮಂದಿರಕ್ಕೆ ಹೋಲಿಸುವುದು ಪ್ರವಾಸಿಗಳಲ್ಲಿ ರೂಢಿಯಾಗಿಬಿಟ್ಟಿದೆ. ಅಭಿಮಾನದ ಮಾತು, ತಪ್ಪೆಣಿಸಬೇಕಾಗಿಲ್ಲ. ಆದರೆ ಮೈಕೆಲೆಂಜೆಲೊ ಎಂಬ ಪರ್ವತದ ಪಕ್ಕದಲ್ಲಿ ನಿಲ್ಲಿಸಿ ಅಳೆದರೆ ಮೊಸ್ಕೇನಿಯವರಿಗೆ ಅನ್ಯಾಯವಾಗುತ್ತದೆ, ಅವರ ನಿಜವಾದ ಬಂಧುತ್ವವೂ ಮರೆಯಾಗುತ್ತದೆ. ಮೇಲೆ ಹೇಳಿದ ಸಹೋದರ ಪೋಟ್ಸೊ ಅವರೇ ಮೊಸ್ಕೇನಿಯವರ ಕಲಾವಂಶದ ಹಿರಿಯರು. ಇಲ್ಲದ ಕಂಬವನ್ನು ಇದೆಯೆನಿಸುವ ಬಗೆ, ಕಟ್ಟಡವನ್ನೂ ಚಿತ್ರವನ್ನೂ ಬೇರ್ಪಡಿಸಲಾಗದಂತೆ ಹೆಣೆಯುವ ಬಗೆ, ಎರಡೂ ಆ ಪರಂಪರೆಯವು. ಸಂತ ಅಲೋಶಿಯಸರ ಪಾರ್ಥಿವ ಶರೀರ ರೋಮಿನಲ್ಲಿ ವಿಶ್ರಮಿಸಿರುವುದು ಪೋಟ್ಸೊ ವಿನ್ಯಾಸಗೊಳಿಸಿದ ಪೂಜಾಪೀಠದ ಅಡಿಯಲ್ಲಿಯೇ ಎಂಬುದು ಗಮನಿಸಬೇಕಾದ ಯೋಗಾಯೋಗ. ಒಬ್ಬ ಸಹೋದರರು ಸಂತನ ಸಮಾಧಿಯನ್ನು ಅಲಂಕರಿಸಿದರು, ಇನ್ನೊಬ್ಬರು ಎರಡು ಶತಮಾನಗಳ ಬಳಿಕ ಅದೇ ಸಂತನ ಕಥೆಯನ್ನು ಅರಬ್ಬೀ ಸಮುದ್ರದ ದಂಡೆಗೆ ತಂದರು.

ಮಂಗಳೂರಿನ ಕೆಲಸದ ಕೀರ್ತಿ ಹಬ್ಬಿದಂತೆ ನಾಲ್ಕೂ ಕಡೆಯಿಂದ ಕರೆ ಬಂದಿತು. ಮಂಗಳೂರಿನ ಜೆಪ್ಪುವಿನ ಸಂತ ಜೋಸೆಫರ ಗುರುಮಠದ ದೇವಾಲಯದಲ್ಲಿ ಅವರು ಚಿತ್ರಗಳನ್ನು ರಚಿಸಿದರು. ಕಲ್ಲಿಕೋಟೆಗೂ ಹೋಗಿ ದುಡಿದರು. ಬೊಂಬಾಯಿಯಲ್ಲಿ ಆಗ ಹೊಸದಾಗಿ ನಿರ್ಮಾಣವಾಗುತ್ತಿದ್ದ, ಮುಂದೆ ಆ ಮಹಾಧರ್ಮಪ್ರಾಂತ್ಯದ ಪ್ರಧಾನ ದೇವಾಲಯವಾದ ಹೋಲಿ ನೇಮ್ ದೇವಾಲಯದ ಭಿತ್ತಿಚಿತ್ರಗಳೂ ಅವರವೇ. ಆರೇಳು ವರ್ಷಗಳ ಅವಧಿಯಲ್ಲಿ ಪಶ್ಚಿಮ ಕರಾವಳಿಯ ಉದ್ದಕ್ಕೂ ಒಬ್ಬ ವ್ಯಕ್ತಿಯಿಂದ ಇಷ್ಟು ಕೆಲಸ ನಡೆದುದನ್ನು ನೋಡಿದರೆ ವಿಶ್ರಾಂತಿಯೆಂಬುದು ಅವರ ದಿನಚರಿಯಲ್ಲಿ ಇದ್ದಂತೆ ತೋರುವುದಿಲ್ಲ.

ಕಡೆಯ ಕರೆ ಕೊಚ್ಚಿಯದು. ಅಲ್ಲಿಯ ಸಾಂತಾ ಕ್ರೂಸ್ ದೇವಾಲಯಕ್ಕೆ ದೀರ್ಘವಾದ ಇತಿಹಾಸವಿದೆ. ಪೋರ್ಚುಗೀಸರು ಕಟ್ಟಿದ ಪ್ರಾಚೀನ ದೇವಾಲಯವು ಡಚ್ಚರ ಕಾಲದಲ್ಲಿ ಆಯುಧಾಗಾರವಾಗಿ, ಕೊನೆಗೆ 1795ರಲ್ಲಿ ಆಂಗ್ಲರಿಂದ ನೆಲಸಮವಾಯಿತು. ಅದಾಗಿ ಒಂದು ಶತಮಾನ ಉರುಳುತ್ತ ಬಂದಾಗ ಧರ್ಮಾಧ್ಯಕ್ಷ ಜುವಾಂವ್ ಗೋಮ್ಸ್ ಫೆರೇರ ಅವರು ಹೊಸ ದೇವಾಲಯಕ್ಕೆ ಮುಂದಾದರು, ಅವರ ತರುವಾಯದ ಧರ್ಮಾಧ್ಯಕ್ಷ ಮತೇವುಸ್ ದೆ ಒಲಿವೇರ ಶಾವಿಯೆರ್ ಅವರು ಅದನ್ನು ಪೂರ್ಣಗೊಳಿಸಿದರು. ಒಳಗಿನ ಅಲಂಕರಣದ ಹೊಣೆ ಮೊಸ್ಕೇನಿಯವರ ಪಾಲಿಗೆ ಬಂದಿತು. ಪ್ರಭುವಿನ ಯಾತನೆ ಮತ್ತು ಶಿಲುಬೆಯ ಮರಣವನ್ನು ತೋರಿಸುವ ಏಳು ದೊಡ್ಡ ಕ್ಯಾನ್ವಾಸ್ ಚಿತ್ರಗಳು ಅಲ್ಲಿವೆ. ಅವುಗಳ ಪೈಕಿ ಕಡೆಯ ಭೋಜನದ ಚಿತ್ರವು ಲಿಯೊನಾರ್ಡೊ ಡ ವಿಂಚಿಯ ಪ್ರಸಿದ್ಧ ಕೃತಿಯ ಮಾದರಿಯನ್ನು ಅನುಸರಿಸಿದ್ದು.

ದೇವಾಲಯದ ಪ್ರತಿಷ್ಠಾಪನೆ 1905ರ ನವೆಂಬರ್ 19ಕ್ಕೆ ಗೊತ್ತಾಗಿತ್ತು. ಅದಕ್ಕೆ ಕೆಲವೇ ದಿನಗಳು ಉಳಿದಿರುವಾಗ, ತಾವು ಬಣ್ಣ ತುಂಬಿದ ಆ ಮಂದಿರದಲ್ಲಿ ಮೊದಲ ದೀಪ ಬೆಳಗುವುದನ್ನು ಕಾಣದೆ, ಸಹೋದರ ಮೊಸ್ಕೇನಿ ಕೊಚ್ಚಿಯಲ್ಲಿ ದೈವಾಧೀನರಾದರು. ಅವರಿಗೆ ಆಗ ಐವತ್ತೊಂದು ವರ್ಷ. ಹುಟ್ಟೂರು ಸ್ತೆಜ್ಜಾನೊ ಕಡಲಾಚೆ ಉಳಿಯಿತು.

ಅವರು ಬಿಟ್ಟುಹೋದ ಆಸ್ತಿಯ ಸ್ಥಿತಿ ಏನಾಯಿತೆಂಬುದು ವಾಚಕರ ಸಹಜವಾದ ಪ್ರಶ್ನೆ. ಫ್ರೆಸ್ಕೊ ಚಿತ್ರ ಕಲ್ಲಿನಷ್ಟು ಗಟ್ಟಿಯೆಂಬುದು ದಿಟ, ಆದರೆ ಅದಕ್ಕೆ ಪರಮಶತ್ರು ನೀರು. ಛಾವಣಿಯ ಹಂಚು ಸರಿದು ಸೋರಿದ ಮಳೆನೀರು ಗಾರೆಯೊಳಗಿನ ಲವಣಗಳನ್ನು ಕರಗಿಸಿ ಮೇಲಕ್ಕೆ ತರುತ್ತದೆ, ಬಣ್ಣದ ಪದರು ಹುಡಿಯಾಗುತ್ತದೆ. ಕ್ಯಾನ್ವಾಸಿಗೆ ಬೂಷ್ಟು ಹಿಡಿಯುತ್ತದೆ. ಕರಾವಳಿಯ ತೊಂಬತ್ತು ಮಳೆಗಾಲಗಳನ್ನು ಕಂಡ ಅಲೋಶಿಯಸ್ ಮಂದಿರದ ಚಿತ್ರಗಳನ್ನು 1990ರ ದಶಕದ ಮೊದಲ ವರ್ಷಗಳಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಜೀರ್ಣೋದ್ಧಾರ ಮಾಡಿದರು. ಕಾಲೇಜು ಈಗ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆಯನ್ನು ಪಡೆದಿದೆ, ಮಂದಿರವನ್ನು ನೋಡಲು ಎಲ್ಲ ಮತಗಳ ಜನರೂ ಬರುತ್ತಾರೆ.

ಈ ಸಂದರ್ಭದಲ್ಲಿ ಒಂದು ಮಾತನ್ನು ಹೇಳದೆ ಇರಲಾರೆ. ಎಲ್ಲ ಇಗರ್ಜಿಗಳಿಗೂ ಇಂಥ ಭಾಗ್ಯ ದೊರೆಯುವುದಿಲ್ಲ. ಶತಮಾನೋತ್ಸವವೆಂದರೆ ಮೊದಲು ನೆನಪಾಗುವುದು ಸುಣ್ಣಬಣ್ಣ. ಉತ್ಸಾಹದ ಭರದಲ್ಲಿ ಹಳೆಯ ಸುಣ್ಣಗಾರೆಯನ್ನು ಕೆತ್ತಿಸಿ ಸಿಮೆಂಟು ಬಳಿಸುವುದು, ಮಾಸಿದ ಗೋಡೆಚಿತ್ರದ ಮೇಲೆ ಪ್ಲಾಸ್ಟಿಕ್ ಬಣ್ಣ ಹೊಡೆಸುವುದು ಅಲ್ಲಲ್ಲಿ ನಡೆಯುತ್ತಲೇ ಇರುತ್ತದೆ. ಸುಣ್ಣದ ಗೋಡೆ ಉಸಿರಾಡುವ ಗೋಡೆ. ಮಳೆಗಾಲದಲ್ಲಿ ಹೀರಿದ ತೇವವನ್ನು ಬೇಸಗೆಯಲ್ಲಿ ಬಿಟ್ಟುಕೊಡುತ್ತದೆ. ಅದರ ಬಾಯಿಗೆ ಪ್ಲಾಸ್ಟಿಕ್ ಬಣ್ಣ ಮೆತ್ತಿದರೆ ತೇವ ಒಳಗೇ ಉಳಿದು ಗಾರೆ ಉಬ್ಬಿ ಉದುರುತ್ತದೆ. ಘಟ್ಟದ ಮೇಲಿನ ನಮ್ಮ ಮಳೆಯಲ್ಲಂತೂ ಇದಕ್ಕೆ ಬಹಳ ವರ್ಷ ಬೇಕಾಗುವುದಿಲ್ಲ. ಕಾವಿ ಕಲೆಯ ಎಷ್ಟೋ ಗೋಡೆಗಳು ಜೀರ್ಣೋದ್ಧಾರದ ಹೆಸರಿನಲ್ಲಿಯೇ ಮರೆಯಾದುದನ್ನು ಈ ಸೀಮೆಯ ಹಿರಿಯರು ಬಲ್ಲರು. ಕುಂಚವನ್ನು ಎತ್ತುವ ಮುಂಚೆ ಗೋಡೆಯ ಮೇಲೆ ಏನಿದೆಯೆಂದು ತಿಳಿದವರಿಂದ ಒಮ್ಮೆ ನೋಡಿಸುವುದಕ್ಕೆ ಹೆಚ್ಚಿನ ಖರ್ಚು ತಗಲುವುದಿಲ್ಲ.

ಮೊಸ್ಕೇನಿಯವರ ವಿದ್ಯೆ ಅವರೊಂದಿಗೇ ಮುಗಿಯಲಿಲ್ಲವೆಂಬುದು ಸಂತೋಷದ ವಿಷಯ. ಅವರ ಕೈಕೆಳಗೆ ಪಳಗಿದ ಮಂಗಳೂರಿನ ಡಿ ಗಾಮಾ ಎಂಬ ಶಿಷ್ಯರು ಕೊಚ್ಚಿಯ ಕಾರ್ಯದಲ್ಲಿ ಅವರೊಡನೆ ದುಡಿದರು. ಇಟಲಿಯ ಕಲಾಶಾಲೆಯಲ್ಲಿ ಸ್ಕೂರಿಯವರಿಂದ ಕಲಿತ ಪಾಠ ಹೀಗೆ ಮಂಗಳೂರಿನ ಕೈಗೆ ದಾಟಿತು. ಸಾಂತಾ ಕ್ರೂಸ್ ದೇವಾಲಯಕ್ಕೆ 1984ರಲ್ಲಿ ಪೋಪ್ ಎರಡನೆಯ ಜಾನ್ ಪಾಲರಿಂದ ಬಸಿಲಿಕ ಪದವಿ ದೊರೆಯಿತು. ಅಲ್ಲಿ ಬಣ್ಣದ ಗಾಜಿನ ಕಿಟಕಿಗಳೂ ಇವೆ, ಮೊಸ್ಕೇನಿಯವರ ಕ್ಯಾನ್ವಾಸುಗಳೂ ಇವೆ. ಕೊಚ್ಚಿಯವರು ಆ ಚಿತ್ರಗಳ ಕರ್ತೃಗಳನ್ನು ಹೆಸರಿಸುವಾಗ ಇಟಲಿಯ ಗುರುವಿನ ಜೊತೆಯಲ್ಲಿ ಮಂಗಳೂರಿನ ಶಿಷ್ಯನ ಹೆಸರನ್ನೂ ಸೇರಿಸಿಯೇ ಹೇಳುತ್ತಾರೆ.